ಮಸಿ ಬಾಗಿಲು

ನಮ್ಮ ಕಡೆ ಚಳಿಗಾಲದಲ್ಲಿ ಯಾರೂ ಯಾರ ಮನೆಗೂ ಹೋಗಿ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಬೆಳಗ್ಗೆ ಎದ್ದು, ಕಿಟಕಿಗೆ ಕಟ್ಟಿದ ಹಿಮವನ್ನು ಉಗುರಿನಿಂದ ಕೆರೆದು, ಪಕ್ಕದ ಮನೆಯ ಚಿಮಣಿ ನೋಡುತ್ತೇವೆ. ಹೊಗೆ ಬರುತ್ತಿದ್ದರೆ ಅವರು ಬದುಕಿದ್ದಾರೆ, ನಾವು ಕಾಫಿಗೆ ನೀರಿಡಬಹುದು. ಹೊಗೆ ಇಲ್ಲದಿದ್ದರೆ ಬೂಟು ಹಾಕಿಕೊಂಡು ಹೊರಡಬೇಕು. ಮುದುಕ ಫಿಲಿಯಾಸ್ ಹಾಸಿಗೆಯಲ್ಲೇ ತೀರಿಕೊಂಡದ್ದು ಊರಿಗೆ ಗೊತ್ತಾದದ್ದು ಹಾಗೆ. ಒಡೆಟ್‌ಳ ಗಂಡನಿಗೆ ಲಕ್ವ ಹೊಡೆದ ದಿನ ಅವಳ ಚಿಮಣಿ ನೋಡಿ ಓಡಿದವರು ನಾನು ಮತ್ತು ನನ್ನ ಗಂಡ ಅಲ್ಸೀದ್.

ಒಡೆಟ್ ನಮ್ಮ ಆಲೂಗಡ್ಡೆ ಹೊಲದ ಆಚೆಯವಳು. ಅವಳ ಚಿಮಣಿ ನನಗೆ, ನನ್ನದು ಅವಳಿಗೆ. ಮೇನ್ ರಾಜ್ಯದ ಈ ತುತ್ತತುದಿಯಲ್ಲಿ, ನದಿ ದಾಟಿದರೆ ಕೆನಡಾ ಎನ್ನುವ ಜಾಗದಲ್ಲಿ, ಇನ್ಯಾರನ್ನು ನಂಬುವುದು? ಬಾಯಿಬಡುಕಿ ನಿಜ, ಆದರೆ ಒಂದು ದಿನವೂ ನನ್ನ ಹೊಗೆ ನೋಡದೆ ಕಾಫಿ ಕುಡಿದವಳಲ್ಲ.

ಶುಕ್ರವಾರ ಬೆಳಗ್ಗೆ ನಾನು ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದೆ. ಆಲೂಗಡ್ಡೆ ತರಲು ಇಳಿಯುತ್ತಿದ್ದೆ. ಮೆಟ್ಟಿಲ ಮೇಲೆ ಬರ್ಚ್ ಮರದ ತೊಗಟೆ ಇತ್ತು. ಅಲ್ಸೀದ್ ಸೌದೆ ಹೊತ್ತು ಹತ್ತುವಾಗ ಉದುರಿಸಿದ್ದು. ದಿನಾ ಗುಡಿಸುತ್ತೇನೆ, ದಿನಾ ಉದುರಿಸುತ್ತಾನೆ, ದಿನಾ ಬೈಯುತ್ತೇನೆ. ಸೊಂಟದ ಹತ್ತಿರ ಲಟಕ್ ಎಂದದ್ದು ನನ್ನ ಕಿವಿಗೇ ಕೇಳಿಸಿತು. ಆಮೇಲೆ ಎಡಗಾಲು ನನ್ನ ಮಾತು ಕೇಳಲಿಲ್ಲ.

ಕೂಗಿದೆ. ಅಲ್ಸೀದ್ ಬಾಗಿಲಲ್ಲಿ ಕಾಣಿಸಿಕೊಂಡ, ನಿಧಾನವಾಗಿ ಇಳಿದು ಬಂದ, ನನ್ನ ಮುಖದ ಮೇಲೆ ಬಗ್ಗಿದ.

"ಅಯ್ಯೋ ಮದಾಮ್, ಇಲ್ಲಿ ಯಾಕೆ ಮಲಗಿದೀರಿ? ನೆಲ ತಣ್ಣಗಿದೆಯಲ್ಲ."

"ಬಿದ್ದಿದೀನಿ ಕಣೋ. ಮೂಳೆ ಮುರಿದಿದೆ. ಒಡೆಟ್‌ಗೆ ಫೋನ್ ಮಾಡು."

"ಲಿಯೋನಾ ಮನೇಲಿಲ್ಲ. ಚರ್ಚಿಗೆ ಹೋಗಿದಾಳೆ. ಬರಲಿ, ಅವಳೇ ಮಾಡ್ತಾಳೆ."

"ನಾನೇ ಲಿಯೋನಾ."

ಕುಡಿದವರ ಜೊತೆ ವಾದ ಯಾಕೆ ಎನ್ನುವ ಮುಖ ಮಾಡಿದ. "ಇರಬಹುದು ಮದಾಮ್. ಆ ಹೆಸರಿನೋರು ನಮ್ಮೂರಲ್ಲಿ ಬಹಳ ಜನ ಇದಾರೆ."

ಹಾಗೆ ಹೇಳಿ, ತೋಳಿನ ತುಂಬ ಸೌದೆ ಪೇರಿಸಿಕೊಂಡು, "ಸ್ವಲ್ಪ ಕಾಲು" ಎಂದು ನನ್ನನ್ನು ಜೋಪಾನವಾಗಿ ದಾಟಿ ಮೇಲೆ ಹೋದ.

ಅವನ ತಲೆ ಹೋಗಿ ಎರಡು ಚಳಿಗಾಲವಾಯಿತು. ಮೊದಲು ಬೀಗದ ಕೈ ಹೋಯಿತು, ಆಮೇಲೆ ದಾರಿ, ಆಮೇಲೆ ನಾನು. ಉಳಿದದ್ದು ಒಲೆ ಒಂದೇ. ಬೆಳಗ್ಗೆ ಬೂದಿ ತೆಗೆಯುವುದು, ಕೆಂಡವನ್ನು ಮುಂದಕ್ಕೆ ಎಳೆಯುವುದು, ಮುಂದೆ ಬರ್ಚ್ ಹಿಂದೆ ಮೇಪಲ್ ಇಡುವುದು, ಉರಿ ಗುರ್ ಎಂದ ಮೇಲೆ ಗಾಳಿಕಿಂಡಿ ಅರ್ಧ ಮುಚ್ಚುವುದು. ಅದರಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ. ನಿದ್ದೆಗಣ್ಣಲ್ಲೂ ಎದ್ದು ಹೋಗಿ ಸೌದೆ ಹಾಕಿ ಬರುತ್ತಾನೆ. ಅಕ್ಟೋಬರಿನಲ್ಲಿ ಹಚ್ಚಿದ ಬೆಂಕಿ ಏಪ್ರಿಲ್ ತನಕ ಈ ಮನೆಯಲ್ಲಿ ಆರಿದ್ದಿಲ್ಲ, ಚಿಮಣಿ ಉಜ್ಜುವ ಒಂದು ದಿನ ಬಿಟ್ಟು. ಅದು ನನಗೆ ಜಂಬದ ವಿಷಯವಾಗಿತ್ತು. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಈಗ ಅದೇ ಒಲೆ ನನ್ನ ಕತ್ತಿಗೆ ಬಂದಿತ್ತು. ಅವನು ಬೆಂಕಿ ನೋಡಿಕೊಳ್ಳುವವರೆಗೆ ಚಿಮಣಿಯಲ್ಲಿ ಹೊಗೆ ಇರುತ್ತದೆ. ಹೊಗೆ ಇರುವವರೆಗೆ ಒಡೆಟ್ ಬರುವುದಿಲ್ಲ. ನಾನು ಇಲ್ಲೇ ಸಾಯುತ್ತೇನೆ, ಅವನು ನನ್ನ ಹೆಣವನ್ನೂ ಜೋಪಾನವಾಗಿ ದಾಟಿ ಸೌದೆ ಒಯ್ಯುತ್ತಾನೆ. ಸೌದೆ ಮಾರ್ಚ್ ತನಕ ಸಾಲುತ್ತಿತ್ತು.

ಆ ದಿನವೆಲ್ಲ ಪ್ರಯತ್ನಪಟ್ಟೆ. ಫೋನ್ ಅಡುಗೆಮನೆಯ ಗೋಡೆಯಲ್ಲಿದೆ. ಎತ್ತು ಎಂದರೆ ಎತ್ತುತ್ತಿದ್ದ, "ಯಾರೂ ಮಾತಾಡ್ತಿಲ್ಲ ಮದಾಮ್" ಎಂದು ಇಟ್ಟುಬಿಡುತ್ತಿದ್ದ. ಕೆಳಗಿನಿಂದ ಒಂದೊಂದೇ ಅಂಕಿ ಕೂಗಿದೆ. ಎರಡು ಒತ್ತುವಷ್ಟರಲ್ಲಿ ಒಲೆಯಲ್ಲಿ ಸೌದೆ ಕುಸಿದ ಸದ್ದಾಯಿತು, ಅವನು ಅತ್ತ ಹೋದ. ಒಡೆಟ್‌ಳ ಮನೆಗೆ ಹೋಗು ಎಂದು ಮಾತ್ರ ನಾನು ಹೇಳಲಿಲ್ಲ. ಹೋದ ವರ್ಷ ಅಂಚೆಪೆಟ್ಟಿಗೆ ನೋಡಿ ಬರುತ್ತೇನೆಂದು ಹೊರಟವನು ನದಿಯ ಮಂಜುಗಡ್ಡೆಯ ಮೇಲೆ ಸಿಕ್ಕಿದ್ದ. ಈ ಚಳಿಯಲ್ಲಿ ಅವನನ್ನು ಹೊಸ್ತಿಲು ದಾಟಿಸಿದರೆ ಅವನು ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಸಂಜೆ ಅವನೇ ನಮ್ಮ ಕಡೆಯ ದೋಸೆ ಪ್ಲೋಯ್, ತಣ್ಣಗಾಗಿದ್ದ ಒಂದಕ್ಕೆ ಬೆಣ್ಣೆ ಸವರಿ, ಸುರುಳಿ ಸುತ್ತಿ ತಂದುಕೊಟ್ಟ. ಒಂದು ಲೋಟ ನೀರನ್ನೂ ತಂದ. ನಾನು ನಡುಗುತ್ತಿದ್ದುದನ್ನು ನೋಡಿ ನಮ್ಮ ಮಂಚದ ಕೌದಿ ತಂದು ಹೊದಿಸಿದ.

"ನನ್ನ ಹೆಂಡತಿ ಹೊಲಿದಿದ್ದು. ಕೊಳೆ ಮಾಡ್ಬೇಡಿ, ಬೈತಾಳೆ. ನಾಲಿಗೆ ಸ್ವಲ್ಪ ಜಾಸ್ತಿ ಅವಳದು."

"ಅಷ್ಟು ಕೆಟ್ಟವಳಾ?"

"ಛೆ, ಕೆಟ್ಟವಳಲ್ಲ. ಅವಳ ಬೈಗುಳ ಕೇಳದಿದ್ರೆ ನನಗೆ ಊಟ ಸೇರಲ್ಲ."

ಕೌದಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಅವನು ನನ್ನ ತಲೆ ಸವರಿ, ನೋವಾ ಎಂದು ಕೇಳಿ, ಸೌದೆ ತೆಗೆದುಕೊಂಡು ಹೋದ.

ಶನಿವಾರ ಬೆಳಗಾಗುವ ಹೊತ್ತಿಗೆ ನನ್ನ ಗಂಟಲು ಒಡೆದುಹೋಗಿತ್ತು. ಕಾಲು ಊದಿ ಉಡುಪಿನ ಬಟ್ಟೆ ಬಿಗಿಯಾಗಿತ್ತು. ಬೂದಿ ತೆಗೆದ ಸದ್ದು ಕೇಳಿತು, ಸೌದೆಗೆ ಇಳಿದು ಬಂದ.

"ಅಲ್ಸೀದ್, ಇವತ್ತು ಒಲೆಗೆ ಏನೂ ಹಾಕ್ಬೇಡ. ಆರಲಿ ಬಿಡು."

ಅವನು ನಕ್ಕ. "ಜನವರೀಲಿ ಒಲೆ ಆರಿಸ್ತಾರಾ? ನೀವು ದಕ್ಷಿಣದ ಕಡೆಯೋರಾ ಮದಾಮ್? ಬಾಸ್ಟನ್ನಾ?"

ಸಿಟ್ಟು ನೆತ್ತಿಗೇರಿತು. ಮುದುಕ, ಮಂಕ, ಕತ್ತೆ ಎಂದೆಲ್ಲ ಬೈದೆ. ಬಾಯಿಂದ ಬರೀ ಗಾಳಿ ಬಂತು. ಆಗಲೇ ಆ ಯೋಚನೆ ಹೊಳೆದದ್ದು. ಹೆಂಡತಿಯ ಮಾತು ಅವನಿಗೆ ತಿಳಿಯುವುದಿಲ್ಲ, ಕೆಲಸದ ಮಾತು ತಿಳಿಯುತ್ತದೆ.

"ಚಿಮಣಿ ಮಸಿ ಕಟ್ಟಿದೆ," ಎಂದೆ. "ಉಜ್ಜೋ ದಿನ ಬಂತು. ಕೊಳವೆ ತಟ್ಟಿ ನೋಡು ಹೋಗು."

ಅವನ ಮುಖ ಬದಲಾಯಿತು. ಮರ ಕಡಿಯುವ ಗುಂಪಿಗೆ ಮೇಸ್ತ್ರಿಯಾಗಿದ್ದ ಕಾಲದ ಮುಖ. ತೋಳಿನ ಸೌದೆಯನ್ನು ಕೆಳಗಿಟ್ಟು ಮೇಲೆ ಹೋದ. ಒಲೆಯ ಕೊಳವೆಗೆ ಬೆರಳ ಗೆಣ್ಣಿನಿಂದ ತಟ್ಟಿದ್ದು ಕೇಳಿಸಿತು, ಮಂದವಾದ ಸದ್ದು.

"ಹೌದು, ದಪ್ಪಗಿದೆ," ಎಂದು ಮೇಲಿನಿಂದ ಕೂಗಿದ. "ಬೆಂಕಿ ತೆಗೀಬೇಕು."

ಕೆಂಡವನ್ನು ಕಬ್ಬಿಣದ ಬಕೆಟ್ಟಿಗೆ ಎಳೆದ, ಹೊರಗೆ ಒಯ್ದು ಹಿಮಕ್ಕೆ ಸುರಿದ, ಒಳಗೆ ಬಂದ. ಚುಸ್ ಎಂದದ್ದು ನೆಲಮಾಳಿಗೆಯ ಕಿಂಡಿಯಲ್ಲಿ ಕೇಳಿತು. ಮಾತೆ ಮರಿಯಳಿಗೆ ಕೈ ಮುಗಿದೆ. ಇನ್ನು ಒಡೆಟ್ ಕಿಟಕಿ ಕೆರೆಯುತ್ತಾಳೆ, ಖಾಲಿ ಚಿಮಣಿ ನೋಡುತ್ತಾಳೆ, ಬೂಟು ಹಾಕುತ್ತಾಳೆ. ಮನೆ ತಣ್ಣಗಾಗುವ ಮೊದಲೇ ಬಂದುಬಿಡುತ್ತಾಳೆ. ಮಿಕ್ಕ ಕೆಲಸವನ್ನು ಅವನು ಎಂದಿನಂತೆ ಮರೆಯುತ್ತಾನೆ ಎಂದುಕೊಂಡೆ. ಯಾವುದನ್ನು ತಾನೇ ಅವನು ಎರಡು ನಿಮಿಷ ನೆನಪಿಟ್ಟುಕೊಂಡಿದ್ದ?

ಬೂಟಿನ ಸದ್ದು ಕೇಳಿತು. ಹಿಂಬಾಗಿಲು ತೆರೆಯಿತು, ಮುಚ್ಚಿತು.

ಮಾಡಿನ ಮೇಲಿನ ಏಣಿಯನ್ನು ಚಳಿಗಾಲವಿಡೀ ನಾವು ತೆಗೆಯುವುದಿಲ್ಲ. ಅದು ಕಿರುಗುಟ್ಟತೊಡಗಿತು. ನಾನು ಬೇಡ, ಬೇಡ ಎಂದು ಕೂಗಿದೆ. ಆ ಕೂಗು ನೆಲಮಾಳಿಗೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಆಮೇಲೆ ಚಿಮಣಿಯೊಳಗೆ ಮಸಿ ಉಜ್ಜುವ ಕುಂಚ ಇಳಿಯಿತು. ಮೇಲೆ ಎಳೆ, ಕೆಳಗೆ ಬಿಡು, ಮೇಲೆ ಎಳೆ. ಎದುರು ಗೋಡೆಯಲ್ಲಿ, ಚಿಮಣಿಯ ಬುಡದಲ್ಲಿರುವ ಮಸಿ ಬಾಗಿಲ ಹಿಂದೆ ಜರಜರನೆ ಮಸಿ ಬೀಳತೊಡಗಿತು. ಎಷ್ಟು ಚೆನ್ನಾಗಿ ಉಜ್ಜುತ್ತಿದ್ದ, ದೇವರೇ. ಒಂದು ಮೂಲೆಯನ್ನೂ ಬಿಡಲಿಲ್ಲ.

ಈ ಕೆಲಸ ಇಬ್ಬರದು. ಮೇಲೆ ಅವನು, ಕೆಳಗೆ ನಾನು. ಮಸಿ ಬಿದ್ದು ಮುಗಿದ ಮೇಲೆ ನಾನು ಆ ಕಬ್ಬಿಣದ ಪುಟ್ಟ ಬಾಗಿಲು ತೆರೆದು, ಚಿಮಣಿಯೊಳಗೆ ಬಾಯಿಟ್ಟು, ಸಾಕು ಇಳಿ ಎಂದು ಕೂಗಬೇಕು. ಮದುವೆಯಾದ ಹೊಸತರಲ್ಲಿ ಒಮ್ಮೆ ನನ್ನ ಕೂಗಿಗೆ ಕಾಯದೆ ಇಳಿದಿದ್ದ. ಮಸಿ ನಡುವೆ ಉಳಿದು, ಹೊತ್ತಿಕೊಂಡು, ಮನೆ ಸ್ವಲ್ಪದರಲ್ಲಿ ಉಳಿದಿತ್ತು. ಅವತ್ತು ನಾನು ಬೈದ ಬೈಗುಳಕ್ಕೆ ಅವನು ಮತ್ತೆಂದೂ ನನ್ನ ದನಿ ಕೇಳದೆ ಇಳಿದವನಲ್ಲ.

ಕುಂಚ ನಿಂತಿತು.

"ಲಿಯೋನಾ, ಸಾಕಾ?"

ಬಾಗಿಲ ಹಿಂದಿನಿಂದ ಬಂತು ಆ ದನಿ. ಒಂದು ವರ್ಷದಿಂದ ಅವನು ನನ್ನ ವಿಷಯ ಮಾತಾಡಿದ್ದ, ನನ್ನನ್ನು ಕರೆದಿರಲಿಲ್ಲ.

ನಾನು ತೆವಳಿದೆ. ಹಿಂದಿನ ದಿನ ಒಂದು ಗೇಣು ಸರಿಯಲಾಗದೆ ಕಣ್ಣು ಕತ್ತಲಾದವಳು ಮೊಣಕೈ ಊರಿ, ಸತ್ತ ಕಾಲನ್ನು ಎಳೆದುಕೊಂಡು, ಸೌದೆ ಸಾಲನ್ನು ಹಿಡಿದುಕೊಂಡು ಹೋದೆ. ನಡುವೆ ಎರಡು ಸಲ ಎಚ್ಚರ ತಪ್ಪಿತು. ಅವನು ಮತ್ತೆ ಮತ್ತೆ ಕೇಳುತ್ತಿದ್ದ, ಲಿಯೋನಾ, ಸಾಕಾ. ಕೊನೆಗೆ ಅಗುಳಿ ಕೈಗೆ ಸಿಕ್ಕಿತು. ಬಾಗಿಲು ತೆರೆದದ್ದೇ ಮಸಿಯೆಲ್ಲ ನನ್ನ ಮುಖಕ್ಕೆ, ಬಾಯಿಗೆ ಸುರಿಯಿತು. ಉಗಿದು, ಕೈಯಿಂದ ಬಗೆದು, ಒಳಗೆ ತಲೆ ಹಾಕಿದೆ.

"ಸಾಕು, ಅಲ್ಸೀದ್. ಇಳಿ."

ಕುಂಚ ಒಮ್ಮೆ ಕದಲಿತು. ಆಮೇಲೆ, "ಯಾರದು?"

"ನಾನು, ಲಿಯೋನಾ."

"ಅವಳ ದನಿ ಹೀಗಿಲ್ಲ. ಕೆಳಗೆ ಬಿದ್ದಿರೋ ಮದಾಮ್ ನೀವೇ ಅಲ್ವಾ?"

"ಹೌದಪ್ಪ, ನಾನೇ. ಲಿಯೋನಾ ಹೇಳಿ ಕಳಿಸಿದಾಳೆ. ಇಳಿ ಅಂದ್ಳು."

"ಅವಳು ಹೇಳಿ ಕಳಿಸೋಳಲ್ಲ ಮದಾಮ್. ತಾನೇ ಕೂಗ್ತಾಳೆ. ಚರ್ಚಿಂದ ಬರಲಿ, ಕಾಯ್ತೀನಿ."

"ಕಾಯ್ಬೇಡ. ಚಳಿ ಇದೆ, ಸಾಯ್ತೀಯ. ಇಳಿಯೋ ಮುದುಕಾ, ನಿನ್ನ ಕಾಲಿಗೆ ಬೀಳ್ತೀನಿ."

"ನೋಡಿದ್ರಾ," ಎಂದ, ಸಮಾಧಾನ ಮಾಡುವ ಹಾಗೆ. "ಲಿಯೋನಾ ಕಾಲಿಗೆ ಬೀಳೋಳೇ ಅಲ್ಲ."

ಕತ್ತೆ ಎಂದೆ. ಮಂಕ ಎಂದೆ. ಅವನಿಗೆ ಗೊತ್ತಿದ್ದ ಲಿಯೋನಾಳ ಬೈಗುಳಗಳನ್ನೆಲ್ಲ ಒಂದೊಂದಾಗಿ ಬೈದೆ. ಒಡೆದ ಗಂಟಲಿಗೆ ಮಸಿ ಮೆತ್ತಿ ನನ್ನ ದನಿ ನನಗೇ ಗುರುತು ಸಿಗುತ್ತಿರಲಿಲ್ಲ. ಅವನು ಏನೋ ಗುನುಗುತ್ತ ಕೂತ. ಆಮೇಲೆ ಒಮ್ಮೆ, ಲಿಯೋನಾ ಬಂದ್ಳಾ ಎಂದು ಕೇಳಿದ. ಬಂದಿದಾಳೆ ಎಂದೆ. ಹಾಗಾದ್ರೆ ಮಾತಾಡ್ಲಿ ಎಂದ. ಮಾತಾಡಿದೆ. ಅವನು ಮತ್ತೆ ಗುನುಗತೊಡಗಿದ. ಆಮೇಲೆ ಗುನುಗುವುದೂ ನಿಂತಿತು. ನಾನು ಆ ಬಾಗಿಲೊಳಗೆ ತಲೆಯಿಟ್ಟು ಮಾತಾಡುತ್ತಲೇ ಇದ್ದೆ.

ಒಡೆಟ್ ಬಂದದ್ದು ಬಿಸಿಲು ಇಳಿದ ಮೇಲೆ. ಅಡುಗೆಮನೆಯಲ್ಲಿ ನಿಂತು ಕೂಗಿದಳು.

"ಏನೇ ಲಿಯೋನಾ, ಈ ಚಳೀಲಿ ಗಂಡನ್ನ ಮಾಡಿನ ಮೇಲೆ ಹತ್ತಿಸಿ ನೀನೆಲ್ಲಿ ಸತ್ತೆ?"

ನನ್ನನ್ನು ಕಂಡು ಮೆಟ್ಟಿಲಲ್ಲೇ ಕೂತುಬಿಟ್ಟಳು. ಮೊದಲು ಮಾಡಿನ ಮೇಲೆ ನೋಡು ಎಂದೆ. ಅವಳು ಏಳಲಿಲ್ಲ.

"ಬೆಳಗ್ಗೇನೇ ನೋಡ್ದೆ," ಎಂದಳು. "ಹೊಗೆ ಇರಲಿಲ್ಲ. ಬೂಟು ಹಾಕ್ಕೊಂಡೆ, ಕೋಟು ಹಾಕ್ಕೊಂಡೆ. ಮತ್ತೆ ನೋಡಿದ್ರೆ ಅವನು ಚಿಮಣಿ ಪಕ್ಕ ಕೂತಿದಾನೆ. ಓ, ಉಜ್ಜೋ ದಿನ ಅಂದ್ಕೊಂಡು ಬಿಚ್ಚಿಟ್ಟೆ ಕಣೇ. ಕೈ ಬೀಸ್ದೆ. ಅವನೂ ಬೀಸ್ದ. ಮಧ್ಯಾಹ್ನ ನೋಡ್ದೆ, ಕೂತಿದ್ದ. ಈಗ ಮತ್ತೆ ಕೈ ಬೀಸ್ದೆ. ಅವನು ಬೀಸ್ಲಿಲ್ಲ."

ಎದ್ದು ಹೊರಗೆ ಹೋದಳು, ಅಂಗಳದಿಂದ ಅವನ ಹೆಸರು ಕೂಗಿದಳು. ಒಳಗೆ ಬಂದು ಫೋನ್ ಮಾಡಿದಳು. ಆಂಬ್ಯುಲೆನ್ಸಿನವರಿಗೂ, ಏಣಿ ಹತ್ತುವ ಗಂಡಸರಿಗೂ. ಕೆಳಗೆ ಬಂದು ನನ್ನ ಮುಖದ ಮಸಿಯನ್ನು ತನ್ನ ಕೋಟಿನ ತೋಳಿನಿಂದ ಒರೆಸಿದಳು. ಕೌದಿ ತಂದು ಹೊದಿಸಿ, ಅಲ್ಸೀದ್ ಬೆಳಗ್ಗೆ ಕೆಳಗಿಟ್ಟ ಸೌದೆಯನ್ನೇ ಎತ್ತಿಕೊಂಡು ಮೇಲೆ ಹೋದಳು. ಒಲೆಯ ಬಾಗಿಲು ತೆರೆದ ಸದ್ದಾಯಿತು.

"ಹಚ್ಬೇಡ, ಒಡೆಟ್. ಅವನು ಅಲ್ಲೇ ಕೂತಿದಾನೆ. ಹೊಗೆ ಮುಖಕ್ಕೆ ಹೊಡೆಯುತ್ತೆ."

ಅವಳಿಗೆ ಕೇಳಿಸಿತೋ ಇಲ್ಲವೋ. ತೊಗಟೆ ಚಟಪಟ ಎಂದಿತು. ಹಿಂಬಾಗಿಲು ತೆರೆಯಿತು, ಹೊರಗೆ ಹೋಗಿ ನಿಂತು ನೋಡಿ ಬಂದಳು. ಮೆಟ್ಟಿಲಿಳಿದು ನನ್ನ ಪಕ್ಕ ನೆಲದ ಮೇಲೆ ಕೂತು ಕೈ ಹಿಡಿದುಕೊಂಡಳು.

"ಅವನ ಮುಖಕ್ಕೆ ಬರ್ತಿಲ್ಲ ಕಣೇ," ಎಂದಳು. "ನೆಟ್ಟಗೆ ಮೇಲೆ ಹೋಗ್ತಿದೆ. ಅಷ್ಟು ಚೆನ್ನಾಗಿ ಉಜ್ಜಿದಾನೆ."