ಕೂಗದವರ ದಾರಿ

ಮತ್ತೆ ಬಂತು, ಪರದೆಯ ಮೂಲೆಯಲ್ಲಿ ಒಂದು ಕೆಂಪು ಗೆರೆ, ಕಾಫಿ ಆರಿಹೋಗಿದೆ, ಡುಲೂತ್ ಊರಿನ ಈ ಆಫೀಸಿನ ಕಾಫಿ ಬಿಸಿಯಿದ್ದಾಗಲೂ ಕಲಗಚ್ಚೇ, ಕಣ್ಣು ಉರಿಯುತ್ತಿದೆ, ಬೆಳಗಿನಿಂದ ಇದೇ ಕೆಲಸ, ಆಸ್ಪತ್ರೆಗಳ ಕಂಪ್ಯೂಟರುಗಳಿಂದ ಔಷಧಿ ಕೇಳಿ ಬರುವ ಪ್ರತಿ ಕೋರಿಕೆಯೂ ಮೊದಲು ಈ ಗೇಟ್‌ವೇಗೆ ಬರಬೇಕು, ಯಾವುದು ಯಾವ ಸರ್ವರಿಗೆ ಹೋಗಬೇಕೆಂದು ದಾರಿ ಬರೆಯುವವಳು ನಾನು, ಹಳೆಯದನ್ನು ಅಳಿಸುವವಳೂ ನಾನೇ — ಇನ್ಸುಲಿನ್ ಕೇಳುವ ಹಳೆಯ ದಾರಿಯೊಂದು ಉಳಿದಿತ್ತು, ಅದರಲ್ಲಿ ಯಾರು ಬರುತ್ತಾರೋ ಯಾರಿಗೂ ಗೊತ್ತಿಲ್ಲ, ಮೇಲಧಿಕಾರಿ ಡ್ವೇನ್ ಬಾಗಿಲಿಗೆ ಒರಗಿ ಡೋನಟ್ ಕಚ್ಚುತ್ತ, ಮುಚ್ಚಿಬಿಡು ಮಾರಿಟ್, ಬೇಕಾದವರು ಕೂಗ್ತಾರೆ, ಕೂಗಿದ್ರೆ ತೆಗೆಯೋಣ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ, ಈ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಅದು, ಮುಚ್ಚು, ಕಿವಿಗೊಟ್ಟು ಕೂರು, ಮುಚ್ಚಿದೆ, ಒಂದು ಫೋನೂ ಬರಲಿಲ್ಲ, ನೋಡಿದ್ಯಾ, ಸತ್ತ ದಾರಿ ಅದು ಅಂತ ನಾನು ಹೇಳ್ಲಿಲ್ವಾ, ಎಂದು ಹೋದ.

ಸತ್ತಿಲ್ಲ, ಮುಚ್ಚಿದ ದಾರಿಯನ್ನು ಯಾರಾದರೂ ತಟ್ಟಿದಾಗಲೇ ಈ ಕೆಂಪು ಗೆರೆ, ತಟ್ಟುತ್ತಿರುವುದು ಯಾವುದೋ ಊರಿನ ಸಣ್ಣ ಆಸ್ಪತ್ರೆಯ ಹಳೆಯ ಕಂಪ್ಯೂಟರು, ಅದಕ್ಕೆ ಕೂಗಲು ಬರುವುದಿಲ್ಲ, ತಟ್ಟಲು ಮಾತ್ರ ಬರುತ್ತದೆ, ಉತ್ತರ ಸಿಗದಿದ್ದರೆ ಸ್ವಲ್ಪ ಕಾದು ತಟ್ಟುತ್ತದೆ, ಅದರ ಎರಡರಷ್ಟು ಕಾದು ಮತ್ತೆ ತಟ್ಟುತ್ತದೆ, ಹಾಗೆ ಬರೆದಿಡುವವರು ನಾವೇ, ಇಷ್ಟು ಸಲ ತಟ್ಟಿದ ಮೇಲೆ ಬಿಟ್ಟುಬಿಡು ಎಂದು ಬರೆಯುವವರೂ ನಾವೇ — ಟಣ್, ಅಪ್ಪನ ಉಂಗುರ, ಬಚ್ಚಲ ನೆಲದ ಮೇಲೆ ಅಪ್ಪ, ಲಕ್ವ ಹೊಡೆದು ಬಾಯಿ ಬಿದ್ದುಹೋಗಿತ್ತು, ಮದುವೆಯ ಉಂಗುರದಿಂದ ಬಿಸಿನೀರಿನ ಪೈಪಿಗೆ ಬಡಿದ, ಟಣ್, ಟಣ್, ಕೆಳಮನೆಯ ಮಿಸೆಸ್ ಹೌಗೆನ್‌ಗೆ ಕೇಳಿಸಿತ್ತು, ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟದ ತಟ್ಟೆ ಹಿಡಿದು ಅವಳೇ ಹೇಳಿದಳು, ಚಳೀಲಿ ಪೈಪು ಹಾಗೇ ಸದ್ದು ಮಾಡುತ್ತಲ್ಲ, ಅದೇ ಅಂದ್ಕೊಂಡೆ ಮಗಳೇ, ಮೊದಮೊದಲು ಬೇಗಬೇಗ, ಆಮೇಲೆ ಎಷ್ಟೋ ಹೊತ್ತಿಗೆ ಒಂದೊಂದೇ, ಕೂಗಿದ್ದಿದ್ರೆ ನಾನು ಬರ್ತಿರಲಿಲ್ವಾ, ಪಾಪ, ಕೆಟ್ಟವಳಲ್ಲ, ಡ್ವೇನ್ ಕೂಡ ಕೆಟ್ಟವನಲ್ಲ, ನನಗೆ ಸಿಟ್ಟು ಬರಿಸಿಕೊಳ್ಳಲೂ ಸುಸ್ತು — ಅವನನ್ನು ಕೇಳದೆ ಆ ದಾರಿಯನ್ನು ಮತ್ತೆ ಬರೆಯುತ್ತೇನೆ, ಬರೆದೆ, ತೆರೆದಿದೆ, ಬಾ, ಈಗ ತಟ್ಟು, ಕಳೆದ ಸಲದ ಎರಡರಷ್ಟು ಕಾಯಬೇಕಲ್ಲ, ಕಾದೆ, ಆ ಹೊತ್ತೂ ಕಳೆಯಿತು, ಪರದೆಯ ಮೂಲೆಯಲ್ಲಿ ಏನೂ ಇಲ್ಲ, ಬಿಟ್ಟುಬಿಟ್ಟಿತೇ, ಇನ್ಸುಲಿನ್ ಯಾರಿಗೆ ಬೇಕಿತ್ತೋ, ಯಾವ ಊರೋ, ತೆರೆದಿದ್ದೇನೆ, ಇನ್ನೊಂದೇ ಸಲ ತಟ್ಟು, ಪೈಪಿನ ಹತ್ತಿರ ಅಪ್ಪನ ಕೈ, ಎತ್ತಿದ ಬೆರಳು, ಉಂಗುರ, ಉಂಗುರ