ಎಂಟನೆಯ ಸೀಟು

ನನ್ನ ಗಂಡನ ಅಪ್ಪ, ಅಂದರೆ ನಮ್ಮ ಮಾವ, ನಲವತ್ತು ವರ್ಷ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದವರು. ಗೀರು ಕಂಡರೆ ಅವರಿಗೆ ಆಗದು. ಗ್ಯಾರೇಜಿನವರು ಯಂತ್ರ ತಂದು ಅವರನ್ನು ಮನೆಗೆ ಕಳಿಸಿದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಬಣ್ಣವಾಯಿತು, ಕಪಾಟಿಗಾಯಿತು, ಕೊನೆಗೆ ಪಕ್ಕದ ಮನೆಯ ಗೇಟಿಗೂ ಆಯಿತು. ಪಕ್ಕದವರು ಕೇಳಿರಲಿಲ್ಲ. ನನ್ನ ಗಂಡ, "ನಿನ್ನ ಚರ್ಮದ ಅಂಗಡಿಗೆ ಕರ್ಕೊಂಡು ಹೋಗೇ, ಪುಣ್ಯ ಬರುತ್ತೆ" ಎಂದ.

ಪುಣ್ಯ ಬರಲಿಲ್ಲ. ನನ್ನ ಅಂಗಡಿಯಲ್ಲಿ ಚರ್ಮದ ಮೇಲೆ ಕೆತ್ತನೆ ಮಾಡಿ ಆಂಟಿಕ್ ಫಿನಿಶ್ ಕೊಡುತ್ತೇವೆ, ಅಂದರೆ ಹೊಸ ಚರ್ಮಕ್ಕೆ ಹಳೆಯ ಮುಖ. ಮೊದಲು ಕಂದು ಬಣ್ಣ, ಅದು ಒಣಗಿದ ಮೇಲೆ ಒಂದು ಕೈ ವಾರ್ನಿಶ್, ಆಮೇಲೆ ಕಪ್ಪು ಮುಲಾಮು ಮೆತ್ತಿ ಒರೆಸುವುದು. ಉಬ್ಬಿದ ಕಡೆ ಕಪ್ಪು ಹೋಗಬೇಕು, ಕೆತ್ತನೆಯ ಸಂದಿಯಲ್ಲಿ ಉಳಿಯಬೇಕು. ಮಾವ ಕಿವಿಗೆ ಹಾಕುವ ಹತ್ತಿಕಡ್ಡಿ ತಂದು ಸಂದಿಗಳನ್ನೂ ಒರೆಸಿಟ್ಟರು.

"ಮಾವ, ಅದು ಇರ್ಬೇಕು."

"ಕೊಳೆ ಕಣಮ್ಮ."

"ಆ ಕೊಳೆ ನೋಡೋಕೇ ಜನ ಬರೋದು."

ಮುಂದಿನ ವಾರ ಆರು ಕೈಚೀಲ ಕೊಟ್ಟು, ಅಲ್ಲಲ್ಲಿ ಸವೆದಂತೆ ಮಾಡಿ ಎಂದೆ. ಆರಕ್ಕೂ ಎಡ ಮೂಲೆಯಲ್ಲೇ, ಸ್ಕೇಲಿಟ್ಟು ಅಳೆದು, ಅಷ್ಟಷ್ಟೇ ಅಗಲಕ್ಕೆ ಸವೆಸಿಟ್ಟರು. ಒಬ್ಬನೇ ಮನುಷ್ಯ ಆರನ್ನೂ ಒಂದೇ ಗೋಡೆಗೆ ಉಜ್ಜಿಕೊಂಡು ಓಡಾಡಿದ ಹಾಗಿತ್ತು. ನನಗೆ ಪಿತ್ತ ನೆತ್ತಿಗೇರಿತು. "ಇನ್ನೊಂದು ಕೆಟ್ರೆ ಮನೇಲೇ ಇದ್ಬಿಡಿ ಮಾವ" ಎಂದುಬಿಟ್ಟೆ. ಅವರು "ಆಗ್ಲಮ್ಮ" ಎಂದು ಕುಂಚ ತೊಳೆದರು. ತೊಳೆದದ್ದನ್ನೇ ಮತ್ತೆ ಎರಡು ಸಲ ತೊಳೆದರು. ನನಗೆ ಸಂಕಟವಾಯಿತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ವಕೀಲರಮ್ಮನೊಬ್ಬರ ಊಟದ ಮೇಜಿನ ಎಂಟು ಕುರ್ಚಿಗಳು ಬಂದವು. ಅಂಚಿಗೆ ಎಲೆ ಕೆತ್ತಿದ ಚರ್ಮದ ಸೀಟುಗಳು, ಅವರ ಅಜ್ಜಿಯ ಕಾಲದವು. ಒಂದನ್ನು ನಾಯಿ ತಿಂದು ಹಾಕಿತ್ತು. ನಾಲ್ಕು ದಿನ ಕೂತು ಹೊಸದೊಂದು ಕೆತ್ತಿದೆ. ಆದರೆ ಬಣ್ಣ ಒಲಿಯಲಿಲ್ಲ. ತುಂಡು ಚರ್ಮದ ಮೇಲೆ ಹನ್ನೊಂದು ಸಲ ಬೆರೆಸಿ ನೋಡಿದೆ, ಉಳಿದ ಏಳರ ಜೊತೆ ಒಂದೂ ಸೇರಲಿಲ್ಲ.

"ನಾನು ನೋಡ್ಲಾ?" ಎಂದರು ಮಾವ. ಬೇಡ ಎನ್ನಲು ಹೊರಟವಳು ಅವರ ಮುಖ ನೋಡಿ ಸೀಟನ್ನು ಅವರ ಕಡೆ ಸರಿಸಿದೆ.

ಎರಡು ದಿನ ಅವರು ಬಣ್ಣದ ಡಬ್ಬಿ ಮುಟ್ಟಲಿಲ್ಲ. ಏಳು ಕುರ್ಚಿಗಳ ಮೇಲೂ ಸರದಿಯಂತೆ ಕೂತು ಎದ್ದರು. ಬಿಸಿಲು ಬಿದ್ದು ಒಂದು ಕಡೆಯ ಅಂಚು ಮಾಸಿದೆ ಎಂದರು. ಏಳುವಾಗ ಜನ ಬಲಗೈ ಊರುವ ಜಾಗ ಕಪ್ಪಾಗಿದೆ ಎಂದರು.

"ಕೆಲಸ ಯಾವಾಗ ಶುರು ಮಾವ?"

"ಶುರುವಾಗಿದೆಯಲ್ಲಮ್ಮ. ಗುದ್ದಿಸ್ಕೊಂಡ ಕಾರಿನ ಒಂದು ಬಾಗಿಲು ಬಳೀಬೇಕಾದ್ರೆ ಉಳಿದ ಮೂರು ಬಾಗಿಲು ನೋಡ್ಬೇಕು. ಎಲ್ಲಿ ಬಳಿದಿದೆ ಅಂತ ಗೊತ್ತಾದ್ರೆ ಮಾಲೀಕ ಬೈತಾನೆ. ಗೊತ್ತಾಗ್ದಿದ್ರೆ ಕಾರು ತಗೊಂಡು ಹೋಗ್ತಾನೆ."

"ಯಾರೂ ಹೊಗಳಲ್ವಾ?"

"ಕಾಣದೇ ಇರೋದನ್ನ ಹೇಗೆ ಹೊಗಳ್ತಾರೆ?"

ಮೂರನೆಯ ದಿನ ಕುಂಚ ಹಿಡಿದರು. ಕಂದು ಬಣ್ಣವೂ ವಾರ್ನಿಶ್ಶೂ ಒಣಗಿದ ಮೇಲೆ ಮನೆಯ ಬೀಗದ ಕೈಯಿಂದ ತಾವೇ ಗೀರು ಎಳೆದರು, ಒಂದೊಂದು ಗೀರಿಗೂ ಮುಖ ಕಿವುಚಿಕೊಂಡು. ಆಮೇಲೆ ಕಪ್ಪು ಮೆತ್ತಿ ಒರೆಸಿದರು. ಸಂದಿಯ ಕೊಳೆಯನ್ನು ಮುಟ್ಟಲಿಲ್ಲ.

ವಕೀಲರಮ್ಮ ಬಂದು ಎಂಟು ಕುರ್ಚಿಗಳಿಗೆ ಎರಡು ಸುತ್ತು ಹಾಕಿದರು. "ನಾನು ಮಾಡಿಕೊಡಿ ಅಂದಿದ್ದು ಹೊಸ ಸೀಟು. ನೀವು ಎಲ್ಲಿಂದಲೋ ಹಳೇದು ತಂದು ಹಾಕಿದ್ದೀರಿ. ಇದು ಮೋಸ" ಎಂದರು.

ಮಾವನ ಮುಖ ಅರಳಿತು. ನನಗೆ ಮೈಯೆಲ್ಲ ಉರಿಯಿತು. ಹೊಸದನ್ನು ತೋರಿಸಲು ಒಂದು ಕುರ್ಚಿ ಮಗುಚಿದೆ, ಅದು ಹಳೆಯದು. ಇನ್ನೊಂದು ಮಗುಚಿದೆ, ಅದೂ ಹಳೆಯದೇ. ನಾಲ್ಕನೆಯದರ ಅಡಿಯಲ್ಲಿ ಬಣ್ಣ ಕಾಣದ ಹೊಸ ಚರ್ಮ ಸಿಕ್ಕಿತು.

ವಕೀಲರಮ್ಮ ಬಗ್ಗಿ ನೋಡಿದರು, ಮೇಲೆ ನೋಡಿದರು, ಮತ್ತೆ ಬಗ್ಗಿದರು. "ಯಾರ್ರೀ ಮಾಡಿದ್ದು ಇದನ್ನ?"

"ನಮ್ಮ ಅಂಗಡಿಯ ಬಣ್ಣದ ಮೇಸ್ತ್ರಿ. ಅಲ್ಲೇ ನಿಂತಿದ್ದಾರಲ್ಲ" ಎಂದು ಕೈ ತೋರಿಸಿದೆ.

ಮಾವ ಯಾರು ಅಂತ ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಗೋಡೆ ಇತ್ತು.