ಲೈನಿನಲ್ಲೇ ಇರಿ

"ಅಮ್ಮಾ, ಗಂಟಲಿಗೆ ಒಂದಿಷ್ಟು ಬಿಸಿನೀರು ಸಿಗತ್ತಾ?"

ಗಿಡಮೂಲಿಕೆ ಔಷಧಿಯ ಬೇರು ಡಾಕ್ಟರು ಬಾಗಿಲಲ್ಲಿ ನಿಂತು ಕೇಳಿದಾಗ ಲೈನಕ್ಕ ಹೆಡ್‌ಫೋನನ್ನು ಕತ್ತಿಗಿಳಿಸಿ ಎದ್ದು ನಿಂತಳು. ಮರ್ಯಾದೆಗೆ ಎದ್ದದ್ದಲ್ಲ, ಕಾಲು ತಾನಾಗಿ ಎದ್ದಿತು. ಅವಳು ಕೊಟ್ಟ ನೀರನ್ನು ಅವರು ನಿಧಾನವಾಗಿ ಗುಟುಕರಿಸಿದರು. ಲೋಟ ವಾಪಸು ಕೊಡುವಾಗ ಅವಳ ಮುಖವನ್ನು ಹಣೆಯಿಂದ ಗದ್ದದವರೆಗೆ, ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವವರ ಹಾಗೆ, ನೋಡಿದರು. ಆಮೇಲೆ ಚೀಲದಿಂದ ಹಸಿರು ಪೊಟ್ಟಣವೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು.

"ತಗೋಮ್ಮ, ಹೆಂಗಸರ ಪುಡಿ. ಗದ್ದದ ಮೇಲೆ ಕೂದಲು ಬಂದಿದೆಯಲ್ಲ, ಅದರ ಬೇರು ಒಳಗಿರತ್ತೆ. ನಿನಗೆ ಬೇಕಾಗತ್ತೆ."

ಅವರಿಗೆ ಗುರುತು ಸಿಕ್ಕಿರಲಿಲ್ಲ. ಲೈನಕ್ಕ "ಥ್ಯಾಂಕ್ಸ್ ಡಾಕ್ಟ್ರೇ" ಎಂದಳು.

ಅವಳು ಕೂರುತ್ತಿದ್ದದ್ದು ರೇಡಿಯೋ ಸ್ಟೇಷನ್ನಿನ ಫೋನು ರೂಮಿನಲ್ಲಿ. ಒಂದು ಮೇಜು, ನಾಲ್ಕು ಲೈನು, ಎದುರಿಗೆ ಗೋಡೆಯಗಲದ ಗಾಜು. ಗಾಜಿನ ಆಚೆ ಸ್ಟುಡಿಯೋ. ಕೇಳುಗರು ಫೋನು ಮಾಡಿದರೆ ಮೊದಲು ಸಿಗುವವಳು ಇವಳೇ. ಯಾರು, ಏನು ಕೇಳಬೇಕು ಎಂದು ವಿಚಾರಿಸಿಕೊಂಡು, "ಲೈನಲ್ಲೇ ಇರಿ" ಎಂದು ಹೇಳಿ, ಗುಂಡಿ ಒತ್ತಿ ಅವರ ದನಿಯನ್ನು ಆಚೆಗೆ ಬಿಡಬೇಕು. ವರ್ಷಗಟ್ಟಲೆ ಇದೊಂದೇ ಮಾತು ಹೇಳಿ ಹೇಳಿ ಅವಳ ಹೆಸರೇ ಸವೆದುಹೋಗಿ, ಎಲ್ಲರ ಬಾಯಲ್ಲೂ ಲೈನಕ್ಕ ಆಗಿದ್ದಳು. ಕಾರ್ಯಕ್ರಮ ನಡೆಸುವ ಹುಡುಗಿಗೆ ಗಿಣಿ ಎಂಬ ಅಡ್ಡಹೆಸರು. ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾಳೆಂದು ಹಾಗೆ ಇಟ್ಟದ್ದು.

ಮ್ಯಾನೇಜರು ಬೆಳಿಗ್ಗೆಯೇ ಬಂದು ಹೇಳಿ ಹೋಗಿದ್ದ. "ನೋಡು ಲೈನಕ್ಕ, ಇವತ್ತಿನ ಗಂಟೆ ಪೂರ್ತಿ ಡಾಕ್ಟರದ್ದೇ, ಕೊಂಡುಕೊಂಡಿದಾರೆ. ಪಿಸಿಓಎಸ್‌ಗೆ ವಿಟಮಿನ್, ಗಿಡಮೂಲಿಕೆ, ಅಷ್ಟೇ ವಿಷಯ. ಮೊದಲು ಅವರ ಕಡೆಯವರು ಫೋನ್ ಮಾಡ್ತಾರೆ, ಅವರನ್ನೇ ಬಿಡು. ಮಿಕ್ಕಿದ್ದೆಲ್ಲ ಆಮೇಲೆ."

"ಆಯ್ತು ಸಾರ್" ಎಂದಿದ್ದಳು. ಮನಸ್ಸಿನಲ್ಲಿ ಬೇರೆಯೇ ಅಡಿಗೆ ಬೇಯುತ್ತಿತ್ತು.

ಲೈನಕ್ಕನಿಗೆ ಚಿಕ್ಕ ವಯಸ್ಸಿನಿಂದಲೂ ಮುಟ್ಟು ಹೇಳಿದ ಹೊತ್ತಿಗೆ ಬಂದದ್ದಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಕರೆಯದೆ ಬರುವ ನೆಂಟರ ಹಾಗೆ. ಮೈ ಊದಿತು, ಗದ್ದದಲ್ಲಿ ಕೂದಲು ಚಿಗುರಿತು. ಆಸ್ಪತ್ರೆಯ ಲೇಡಿ ಡಾಕ್ಟರು ಸ್ಕ್ಯಾನ್ ಮಾಡಿ, ಅಂಡಾಶಯದ ತೊಂದರೆ, ಪಿಸಿಓಎಸ್ ಎಂದು ಹೆಸರು ಹೇಳಿ ಮಾತ್ರೆ ಬರೆದರು, ವಿಟಮಿನ್ ಡಿ ಕೊಟ್ಟರು, ದಿನಾ ನಡೆಯಲು ಹೇಳಿದರು. ಪವಾಡವೇನೂ ಆಗದಿದ್ದರೂ ಬದುಕು ಒಂದು ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಅಮ್ಮನಿಗೆ ಯಾರೋ ಬೇರು ಡಾಕ್ಟರ ಸುದ್ದಿ ಹೇಳಿದರು. "ಮಾತ್ರೆ ನುಂಗಿ ನುಂಗಿ ನಿನ್ನ ಹೊಟ್ಟೆ ಔಷಧಿ ಅಂಗಡಿ ಆಗಿದೆ ಕಣೇ. ಒಂದ್ಸಲ ಬಂದು ನೋಡು" ಎಂದು ಅಮ್ಮ ಎಳೆದುಕೊಂಡು ಹೋದಳು.

ಬೇರು ಡಾಕ್ಟರು ಅವಳ ಕೈಯಲ್ಲಿದ್ದ ಮಾತ್ರೆ ಹಾಳೆಯನ್ನು ಸತ್ತ ಹಲ್ಲಿಯನ್ನು ಎತ್ತುವಂತೆ ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದ್ದರು. "ಎಸೆದುಬಿಡು ಮಗಳೇ. ಇದು ಹೋದರೇನೇ ಅದು ಕೆಲಸ ಮಾಡೋದು." ಬೆಳಿಗ್ಗೆ ಪುಡಿ, ಸಂಜೆ ದಾಲ್ಚಿನ್ನಿ ಕಷಾಯ, ನಡುವೆ ಬಣ್ಣಬಣ್ಣದ ವಿಟಮಿನ್ ಗುಳಿಗೆ. ಮುಟ್ಟು ನಿಂತೇಹೋಯಿತು. ಕೇಳಿದರೆ "ಒಳಗೆ ಶುದ್ಧಿ ಆಗ್ತಿದೆ" ಎಂದರು. ಅರ್ಧ ವರ್ಷ ಶುದ್ಧಿಯಾಯಿತು. ಆಮೇಲೆ ಒಂದು ದಿನ ಶುರುವಾದದ್ದು ನಿಲ್ಲಲೇ ಇಲ್ಲ. ಗೋಡೆ ಹಿಡಿದು ನಡೆಯುವಂತಾದಾಗ ಅಮ್ಮನ ಜೊತೆ ಕೇಳಲು ಹೋದಳು. ಅವರ ದವಾಖಾನೆಯ ಹಾಲ್ ತುಂಬ ಜನ. ಅವರು ತಮ್ಮ ಕುರ್ಚಿಯಿಂದ ಏಳದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಾಲಿಗೆ ಕಟ್ಟೋಕಾಗದ ಹೆಂಗಸಿಗೆ ನನ್ನ ಹತ್ರ ಔಷಧಿ ಇಲ್ಲ. ಈ ಮೈ ನೋಡಿ ನೀವೇ ಹೇಳಿ, ಇವಳು ಪಥ್ಯ ಮಾಡಿದಾಳೆ ಅನ್ಸತ್ತಾ?"

ಹಾಲ್‌ನಲ್ಲಿ ಕೂತವರೆಲ್ಲ ನಕ್ಕರು. ಅಮ್ಮ ಮಗಳ ಕೈ ಬಿಟ್ಟು ತನ್ನ ಚೀಲದ ಜಿಪ್ಪನ್ನು ಎಳೆಯತೊಡಗಿದಳು. ಮನೆಗೆ ಬರುವ ದಾರಿಯಲ್ಲಿ ಮೆಲ್ಲಗೆ ಕೇಳಿದಳು, "ನಿಜ ಹೇಳು. ಕದ್ದು ತಿಂತಿದ್ಯಾ?"

ಮಾರನೆಯ ದಿನ ಲೈನಕ್ಕ ಬಚ್ಚಲಲ್ಲಿ ಬಿದ್ದಳು. ಯಾರದೋ ರಕ್ತ ಅವಳ ಮೈಗೆ ಇಳಿಯುತ್ತಿದ್ದಾಗ ಲೇಡಿ ಡಾಕ್ಟರು ಗದರಿದರು. "ಪುಡಿ ವಿಷ ಅಂತ ನಾನು ಹೇಳಲ್ಲ. ವಿಟಮಿನ್ ನಾನೂ ಕೊಟ್ಟಿದ್ದೆ. ಆದರೆ ಮಾತ್ರೆ ಬಿಡು ಅಂದವರು ಯಾರು? ತಿಂಗಳುಗಟ್ಟಲೆ ಮುಟ್ಟು ನಿಂತರೂ ಬಂದು ತೋರಿಸದೆ ಕೂತಿದ್ದು ಯಾಕೆ?" ರಕ್ತ ಮತ್ತೆ ತುಂಬಿಕೊಂಡಿತು. ಆ ಹಾಲ್‌ನ ನಗು ಮಾತ್ರ ಕಿವಿಯಲ್ಲೇ ಉಳಿಯಿತು. ಅಮ್ಮನಂತೂ ಇವತ್ತು ಬೆಳಿಗ್ಗೆ ಕೂಡ, ರೇಡಿಯೋ ಕಿವಿ ತಿರುಗಿಸುತ್ತಾ, "ಆ ಡಾಕ್ಟ್ರು ನಿಮ್ಮಲ್ಲಿಗೇ ಬರ್ತಾರಂತಲ್ಲ. ಅವತ್ತು ನೀನು ಸರಿಯಾಗಿ ಪಥ್ಯ ಮಾಡಿದ್ದಿದ್ರೆ..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟಿದ್ದಳು.

ಕಾರ್ಯಕ್ರಮ ಶುರುವಾಯಿತು. ಡಾಕ್ಟರ ಕಡೆಯ ಮೊದಲನೆಯವಳು ಫೋನು ಮಾಡಿ, ಒಪ್ಪಿಸಿದ ಪಾಠದ ಹಾಗೆ, "ಪುಡಿಯಿಂದ ನನ್ನ ಬಾಳೇ ಬೆಳಗಿತು" ಎಂದಳು. "ಲೈನಲ್ಲೇ ಇರಿ" ಎಂದು ಜೇನಿನಂಥ ದನಿಯಲ್ಲಿ ಹೇಳಿ ಲೈನಕ್ಕ ಫೋನು ಕತ್ತರಿಸಿದಳು. ಎರಡನೆಯವಳನ್ನೂ. ಮೂರನೆಯವನು ಯಾವನೋ ಗಂಡ, ಹೆಂಡತಿಯ ಪರವಾಗಿ ಮಾತಾಡಲು ಸಿದ್ಧನಾಗಿದ್ದ. ಅವನನ್ನೂ. ಅವರು ಮತ್ತೆ ಮತ್ತೆ ಮಾಡಿದರು, ಇವಳು ಮತ್ತೆ ಮತ್ತೆ ಅಷ್ಟೇ ವಿನಯದಿಂದ ಕತ್ತರಿಸಿದಳು. ಅವಳಿಗೆ ಬೇಕಾಗಿದ್ದದ್ದು ಸಿಟ್ಟಿನ ದನಿ. ಕೊನೆಗೆ ಒಂದು ಸಿಕ್ಕಿತು. "ನಾನು ಅವರ ಹತ್ರಾನೇ ಮಾತಾಡಬೇಕು, ನಿಮ್ಮ ಹತ್ರ ಏನೂ ಹೇಳಲ್ಲ" ಎಂದು ಕಿರುಚಿದ ಹೆಂಗಸು. ಲೈನಕ್ಕ ಸಂತೋಷದಿಂದ ಗುಂಡಿ ಒತ್ತಿದಳು.

"ಡಾಕ್ಟ್ರೇ," ಎಂದು ಆ ಹೆಂಗಸು ಅತ್ತುಬಿಟ್ಟಳು, "ನಿಮ್ಮ ಪುಡಿ ತಗೊಂಡಮೇಲೆ ನನಗೆ ತಿಂಗಳು ತಿಂಗಳು ಸರಿಯಾಗಿದೆ. ನಿಮಗೆ ಕೈ ಮುಗೀಬೇಕು ಅನ್ಸತ್ತೆ."

ಗಾಜಿನಾಚೆ ಬೇರು ಡಾಕ್ಟರ ಮುಖ ಎಣ್ಣೆ ಹಾಕಿದ ದೀಪದಂತಾಯಿತು. ಆ ಹೆಂಗಸು ಸುಳ್ಳು ಹೇಳುತ್ತಿಲ್ಲವೆಂದು ದನಿಯಲ್ಲೇ ಗೊತ್ತಾಗುತ್ತಿತ್ತು. ಲೈನಕ್ಕನಿಗೆ ಅದೇ ಉರಿ.

ಮುಂದಿನ ಲೈನಿನಲ್ಲಿ ಒಬ್ಬ ಕಾಲೇಜು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆ. ಬೇರೆ ಯಾರೂ ಇಲ್ಲದ್ದಕ್ಕೆ ಲೈನಕ್ಕ ಅವಳನ್ನೇ ಬಿಟ್ಟಳು. "ಸಾರ್, ಆಸ್ಪತ್ರೇಲಿ ಮಾತ್ರೆ ಕೊಟ್ಟಿದಾರೆ. ನಿಮ್ಮ ಪುಡಿ ಶುರು ಮಾಡಿದ್ರೆ ಅದನ್ನ ಬಿಡಬಹುದಾ?"

"ಬಿಡೋದಲ್ಲ, ಎಸೆದುಬಿಡು ಮಗಳೇ. ಇದು ಹೋದರೇನೇ ಅದು ಕೆಲಸ ಮಾಡೋದು."

ಅವತ್ತಿನದೇ ಮಾತು, ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಲೈನಕ್ಕ ತನ್ನ ಹೆಡ್‌ಫೋನಿನ ಮೈಕನ್ನು ಬಾಯಿಗೆಳೆದುಕೊಂಡು ತನ್ನ ದನಿಯನ್ನೇ ಆಚೆಗೆ ಬಿಡುವ ಗುಂಡಿ ಒತ್ತಿದಳು.

"ನಮಸ್ಕಾರ ಡಾಕ್ಟ್ರೇ. ನಾನೂ ಎಸೆದಿದ್ದೆ."

"ಯಾರಮ್ಮ ಮಾತಾಡ್ತಿರೋದು?"

"ನಿಮ್ಮ ಹಳೇ ಪೇಷಂಟು. ಮಾತ್ರೆ ಎಸೆದೆ, ಪುಡಿ ತಿಂದೆ. ಅರ್ಧ ವರ್ಷ ಮುಟ್ಟಿಲ್ಲ. ಆಮೇಲೆ ನಿಲ್ಲಲಿಲ್ಲ. ಬೇರೆಯವರ ರಕ್ತ ಹಾಕಿ ಉಳಿಸಿದ್ರು."

ಗಿಣಿ ತಲೆಯೆತ್ತಿ ಗಾಜಿನ ಈಚೆ ನೋಡಿದಳು. ಕಿವಿಯೊಳಗಿನ ದನಿಗೂ ಲೈನಕ್ಕನ ತುಟಿಗೂ ತಾಳೆಯಾಯಿತು. ದನಿ ಇಳಿಸುವ ಕೀಲಿ ಅವಳ ಬೆರಳ ತುದಿಯಲ್ಲಿತ್ತು. ಅವಳು ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಡಾಕ್ಟರು ಪಳಗಿದ ಆಳು. "ನೋಡಮ್ಮ, ಎಲ್ಲರ ದೇಹ ಒಂದೇ ಥರ ಇರಲ್ಲ" ಎಂದು ಜಾರಿಕೊಳ್ಳಲು ನೋಡಿದರು. ಲೈನಕ್ಕನಿಗೆ ಅವರಿಗೆ ಎಲ್ಲಿ ಗಾಳ ಹಾಕಬೇಕೆಂದು ಗೊತ್ತಿತ್ತು. ದನಿಯನ್ನು ಮೆತ್ತಗೆ ಮಾಡಿಕೊಂಡಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

"ಹೌದು ಡಾಕ್ಟ್ರೇ. ನಾನು ಸ್ವಲ್ಪ ದಪ್ಪ. ಅದಕ್ಕೇ ಆಗಲಿಲ್ವೇನೋ?"

ಮೀನು ಕಚ್ಚಿತು. ಅವರು ಕುರ್ಚಿಗೆ ಒರಗಿ, ನಗುತ್ತಾ, ಊರಿಡೀ ಕೇಳುವ ಹಾಗೆ ಹೇಳಿದರು. "ಹಾಗೆ ಬಾ ದಾರಿಗೆ! ನಾಲಿಗೆ ಕಟ್ಟೋಕಾಗದ ಹೆಂಗಸಿಗೆ ನನ್ನ ಹತ್ರ ಔಷಧಿ ಇಲ್ಲ. ಕದ್ದು ತಿಂದು ಮೈ ಬೆಳೆಸಿಕೊಂಡು ಪುಡಿ ಸರಿಯಿಲ್ಲ ಅಂದ್ರೆ? ಇಂಥವರಿಂದಲೇ ನಮಗೆ ಕೆಟ್ಟ ಹೆಸರು."

ಈ ಸಲ ಜೊತೆಗೆ ನಗಲು ಹಾಲ್ ತುಂಬ ಜನರಿರಲಿಲ್ಲ. ತಮ್ಮ ನಗುವೊಂದೇ ಕೇಳಿ ಅವರಿಗೇ ಏನೋ ಅನ್ನಿಸಿರಬೇಕು, ಗಾಜಿನ ಕಡೆ ತಿರುಗಿದರು. ಲೈನಕ್ಕ ಅವರ ಕಣ್ಣಿಗೆ ಕಣ್ಣು ಕೊಟ್ಟು, ಮೈಕಿನಲ್ಲಿ ಹೇಳಿದಳು. "ಲೈನಲ್ಲೇ ಇರಿ ಡಾಕ್ಟ್ರೇ."

ಅವಳ ಮುಂದಿನ ನಾಲ್ಕೂ ದೀಪಗಳು ಹೊತ್ತಿಕೊಂಡಿದ್ದವು. ಅವಳು ಯಾರ ಹೆಸರನ್ನೂ ಕೇಳಲಿಲ್ಲ. ಪಂಕ್ತಿಗೆ ಬಡಿಸುವವಳಂತೆ ಒಬ್ಬೊಬ್ಬರನ್ನೇ ಬಿಟ್ಟಳು. "ಏನ್ರೀ ಅಂದ್ರಿ ಈಗ?" ಎಂದಳು ಒಬ್ಬಳು. "ನನ್ನ ಮಗಳಿಗೂ ಇದೇ ಅಂದಿದ್ರಿ, ಆಮೇಲೆ ಅವಳು ಊಟಾನೇ ಬಿಟ್ಟಳು" ಎಂದಳು ಇನ್ನೊಬ್ಬಳು. ಕೈ ಮುಗಿಯಬೇಕು ಎಂದಿದ್ದ ಹೆಂಗಸು ಕೂಡ ಮತ್ತೆ ಫೋನು ಮಾಡಿ, "ನನಗೆ ಗುಣ ಆಗಿದ್ದು ಹೌದು. ಆದರೆ ಆ ಮಾತು ತಪ್ಪು ಡಾಕ್ಟ್ರೇ" ಎಂದಳು. ಡಾಕ್ಟರು ಎದ್ದು ಹೋಗಬಹುದಿತ್ತು. ಆದರೆ ಗಂಟೆ ಅವರದೇ, ಕೊಂಡುಕೊಂಡದ್ದು, ಎದ್ದರೆ ಸೋತಂತೆ. ಕರ್ಚೀಫಿನಿಂದ ಕತ್ತು ಒರೆಸುತ್ತಾ, ಒರೆಸುತ್ತಾ ಕೂತರು.

ನಡುವೆ ಆ ಕಾಲೇಜು ಹುಡುಗಿಯ ಲೈನು ಇನ್ನೂ ತೆರೆದೇ ಇರುವುದು ಲೈನಕ್ಕನ ಕಣ್ಣಿಗೆ ಬಿತ್ತು. ಅವಳೊಬ್ಬಳಿಗೇ ಕೇಳುವ ಹಾಗೆ ವಿಚಾರಿಸಿದಳು. "ಎಸೆದ್ಯಾ?"

"ಇಲ್ಲ ಅಕ್ಕ. ಕೈಯಲ್ಲೇ ಇದೆ."

"ಇಟ್ಕೋ. ಬಿಡೋದಾದ್ರೆ ಕೊಟ್ಟವರನ್ನ ಕೇಳಿ ಬಿಡು."

ಹೊರಗೆಲ್ಲೋ ಹೋಗಿದ್ದ ಮ್ಯಾನೇಜರು ಸುದ್ದಿ ತಿಳಿದು ಬಾಗಿಲು ದೂಡಿಕೊಂಡು ಬಂದಾಗ ಗಂಟೆ ಮುಗಿದಿತ್ತು. ಅವನು ಏನೇನೋ ಕೂಗಿದ. ಕೊನೆಗೆ, "ನಾಳೆಯಿಂದ ಬರಬೇಡ" ಎಂದದ್ದಷ್ಟೇ ಅವಳ ಕಿವಿಗೆ ಬಿತ್ತು. "ಸರಿ ಸಾರ್" ಎಂದು ಚಪ್ಪಲಿ ಮೆಟ್ಟಿದಳು. ಮೆಟ್ಟಿಲ ಬಳಿ ಗಿಣಿ ಓಡಿ ಬಂದು ಅವಳ ತೋಳು ಹಿಡಿದಳು. ಕಣ್ಣು ಒದ್ದೆ.

"ಅಕ್ಕಾ, ಆ ಹುಡುಗೀನ ಉಳಿಸಿದ್ರಿ ನೀವು."

"ಹುಡುಗಿಗೋಸ್ಕರ ಅಲ್ಲ ಕಣೇ," ಎಂದಳು ಲೈನಕ್ಕ. "ಆ ಡಾಕ್ಟರನ ಮುಖ ನೋಡಬೇಕಿತ್ತು ನನಗೆ."

"ನೋಡಿದ್ರಾ?"

"ನೋಡ್ದೆ."

ಹೊರಗೆ ಬೀದಿಯಲ್ಲಿ ಆಫೀಸು ಬಿಡುವ ಹೊತ್ತಿನ ಜನ. ಮೂಲೆಯಲ್ಲಿ ಒಬ್ಬ ಮುದುಕಿ ಕೆಂಡದ ಮೇಲೆ ಮುಸುಕಿನ ಜೋಳ ಸುಡುತ್ತಿದ್ದಳು. ಲೈನಕ್ಕ ಅವಳ ಮುಂದೆ ನಿಂತಳು.

"ಖಾರ ಹಚ್ಚಲಾ ಮಗಾ?"

"ಹಚ್ಚಜ್ಜಿ. ಜಾಸ್ತಿ ಹಚ್ಚು."

ಕಂಬಕ್ಕೆ ಒರಗಿ, ಬರುವವರು ಹೋಗುವವರ ನಡುವೆಯೇ ನಿಂತು ತಿನ್ನತೊಡಗಿದಳು. ಚೀಲದಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ನೋಡಿದಳು: ಅಮ್ಮ. ಹಾಗೇ ಚೀಲದೊಳಗೆ ಬಿಟ್ಟಳು. ಅದು ನಿಂತಿತು, ಮತ್ತೆ ಶುರುವಾಯಿತು. ಲೈನಕ್ಕ ತೆನೆಯನ್ನು ತಿರುಗಿಸಿ ಇನ್ನೊಂದು ಸಾಲಿಗೆ ಬಾಯಿ ಹಾಕಿದಳು. ಗದ್ದಕ್ಕೆ ಮೆತ್ತಿಕೊಂಡ ಖಾರವನ್ನು ಒರೆಸಿಕೊಳ್ಳಲಿಲ್ಲ.